ಹಿರಿಯರ ಬಳಿ ಇಲ್ಲದ ಉತ್ತರ

1962ರ ವಸಂತದಲ್ಲಿ ಫ್ರಾನ್ಸಿನ ನೈಋತ್ಯ ಭಾಗದ ಸಣ್ಣ ಪಟ್ಟಣಗಳ ಮನೆಗಳಲ್ಲಿ ರೇಡಿಯೊ ಹಾಕಿದರೆ ಒಂದು ಗಳಿಗೆ ಅಮೆರಿಕದಿಂದ ಬಂದ ಟ್ವಿಸ್ಟ್ ಕುಣಿತದ ಹಾಡು ಕೇಳುತ್ತಿತ್ತು, ಮರುಗಳಿಗೆ ಅಲ್ಜಿಯರ್ಸ್ ನಗರದಲ್ಲಿ ಬಾಂಬು ಸಿಡಿದ ಸುದ್ದಿ ಬರುತ್ತಿತ್ತು. ಪ್ಲಮ್ ತೋಟಗಳಿಗೆ ಹೆಸರಾದ, ಲಾಟ್ ಮತ್ತು ಗರೋನ್ ನದಿಗಳು ಹರಿಯುವ ಆ ಸೀಮೆಯಲ್ಲಿ ವಾರದ ಕೊನೆಗೆ ಮದುವೆಯೂಟ, ಕುಣಿತ. ಮತ್ತೆ ಸೋಮವಾರ ಗಂಡುಹುಡುಗರ ವಸತಿ ಶಾಲೆ, ಸಾಲುಮಂಚಗಳ ಮಲಗುಕೋಣೆ, ಪ್ರಬಂಧ ರಚನೆ, ವರ್ಷದ ಕೊನೆಗೆ ಕಾದಿರುವ ದೊಡ್ಡ ಪರೀಕ್ಷೆ. ಅಂಚೆಯವನು ತರುವ ಪತ್ರಗಳಲ್ಲಿ ಕೆಲವಕ್ಕೆ ಸಮುದ್ರದಾಚೆಯ ಸೇನಾ ಶಿಬಿರದ ಮುದ್ರೆ ಇರುತ್ತಿತ್ತು. ಊರಿನ ಪ್ರತಿಯೊಂದು ಬೀದಿಯಲ್ಲೂ ಅಣ್ಣನನ್ನೋ ಮಗನನ್ನೋ ಅಲ್ಜೀರಿಯಾಕ್ಕೆ ಕಳಿಸಿದ ಮನೆಗಳಿದ್ದವು. ಆದರೆ ಆ ಬಗ್ಗೆ ಬಾಯಿ ಬಿಟ್ಟು ಮಾತನಾಡುವವರು ಕಡಿಮೆಯಿದ್ದರು.

ಆ ಸೀಮೆಯ ವಾಲಾನ್ಸ್ ದಾಜೆನ್ ಎಂಬ ಪಟ್ಟಣದಲ್ಲಿ 1943ರಲ್ಲಿ ಹುಟ್ಟಿ, ಆ ವರ್ಷ ಹತ್ತೊಂಬತ್ತಕ್ಕೆ ಕಾಲಿಟ್ಟಿದ್ದ ಆಂದ್ರೆ ತೆಶಿನೆ, ಮೂವತ್ತೆರಡು ವರ್ಷಗಳ ನಂತರ ಆ ದಿನಗಳನ್ನು ಚಿತ್ರವಾಗಿಸಿದರು. 'ಲೆ ರೋಜೊ ಸೊವಾಜ್', ಅಂದರೆ 'ಕಾಡು ಜೊಂಡುಗಳು', ಎಂಬ ಹೆಸರಿನ ಆ ಚಿತ್ರ ಹೊರದೇಶಗಳಲ್ಲಿ 'ವೈಲ್ಡ್ ರೀಡ್ಸ್' ಎಂದು ಪ್ರಸಿದ್ಧವಾಗಿದೆ. ಹದಿಹರೆಯದ ಪ್ರೇಮದ ತಳಮಳವನ್ನು ಹೇಳುವ ಫ್ರೆಂಚ್ ಚಿತ್ರಗಳ ಪಟ್ಟಿಯಲ್ಲಿ ಇದರ ಹೆಸರು ತಪ್ಪದೆ ಬರುತ್ತದೆ. ಆದರೆ ಅದನ್ನು ಕೇವಲ ಪ್ರೇಮಕಥೆಯಾಗಿ ನೋಡಿದವರಿಗೆ ಅದರ ಅರ್ಧ ಭಾಗ ಕೈತಪ್ಪುತ್ತದೆ. ಅದರ ಪಾತ್ರಗಳು ಯಾಕೆ ಅಷ್ಟು ಗೊಂದಲದಲ್ಲಿವೆ, ಒಬ್ಬ ಶಿಕ್ಷಕಿ ಯಾಕೆ ಇದ್ದಕ್ಕಿದ್ದಂತೆ ಕುಸಿದುಹೋಗುತ್ತಾಳೆ, ಒಬ್ಬ ಹುಡುಗ ಯಾಕೆ ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಹೆಸರಿಟ್ಟು ಕರೆದುಕೊಳ್ಳುತ್ತಾನೆ ಎಂಬ ಪ್ರಶ್ನೆಗಳಿಗೆ ಉತ್ತರ ಆ ಕಾಲದ ಕಾನೂನು, ರಾಜಕೀಯ ಮತ್ತು ಯುದ್ಧಗಳಲ್ಲಿದೆ.

ಕಿರುತೆರೆಗಾಗಿ ಹುಟ್ಟಿದ್ದು

ಈ ಚಿತ್ರ ಮೊದಲು ಸಿದ್ಧವಾದದ್ದು ಚಿತ್ರಮಂದಿರಕ್ಕಾಗಿ ಅಲ್ಲ. ಫ್ರಾನ್ಸ್ ಮತ್ತು ಜರ್ಮನಿ ಜೊತೆಗೂಡಿ ನಡೆಸುವ ಆರ್ಟೆ ಎಂಬ ಸಾಂಸ್ಕೃತಿಕ ವಾಹಿನಿ 1992ರಲ್ಲಿ ಪ್ರಸಾರ ಆರಂಭಿಸಿದ ಸ್ವಲ್ಪ ಕಾಲದಲ್ಲೇ, ಶಾಂತಾಲ್ ಪುಪೋ ಅವರ ಕಲ್ಪನೆಯಿಂದ ಹುಟ್ಟಿದ ಒಂದು ಸರಣಿಯನ್ನು ಕೈಗೆತ್ತಿಕೊಂಡಿತು. ಒಂಬತ್ತು ಮಂದಿ ನಿರ್ದೇಶಕರು ತಾವು ಹದಿಹರೆಯದಲ್ಲಿದ್ದ ಕಾಲವನ್ನು ಆರಿಸಿಕೊಂಡು ತಲಾ ಸುಮಾರು ಒಂದು ಗಂಟೆಯ ಚಿತ್ರ ಮಾಡಬೇಕು, ಆ ಕಾಲದ ಹಾಡುಗಳನ್ನು ಬಳಸಬೇಕು, ಯುವಕರು ಸೇರಿ ಕುಣಿಯುವ ಒಂದು ಪಾರ್ಟಿಯ ದೃಶ್ಯ ಇರಲೇಬೇಕು, ಖರ್ಚು ಮಿತವಾಗಿರಬೇಕು ಎಂಬುವು ಮುಖ್ಯ ಕಟ್ಟಳೆಗಳು. ದೊಡ್ಡ ನಿರ್ಮಾಣಗಳಲ್ಲಿ ಬಳಸುವ 35 ಎಂ.ಎಂ. ಫಿಲ್ಮಿನ ಬದಲು ಅಗ್ಗದ, ಹಗುರ ಕ್ಯಾಮೆರಾಗಳಿಗೆ ಒಗ್ಗುವ 16 ಎಂ.ಎಂ. ಫಿಲ್ಮಿನಲ್ಲೇ ಚಿತ್ರೀಕರಣ ನಡೆಯಬೇಕಿತ್ತು. ಸರಣಿಯ ಹೆಸರನ್ನು ಫ್ರಾನ್ಸ್‌ವಾಸ್ ಆರ್ದಿ 1962ರಲ್ಲಿ ಹಾಡಿ ದೇಶಕ್ಕೆಲ್ಲ ಪರಿಚಿತರಾದ ಹಾಡಿನಿಂದ ಪಡೆಯಲಾಯಿತು. ತನ್ನ ವಯಸ್ಸಿನವರೆಲ್ಲ ಜೋಡಿಯಾಗಿ ತಿರುಗುತ್ತಿರುವಾಗ ಒಂಟಿಯಾಗಿ ಉಳಿದ ಹುಡುಗಿಯೊಬ್ಬಳ ಹಾಡು ಅದು.

ಕ್ಲೇರ್ ದೆನಿ, ಶಾಂತಾಲ್ ಅಕರ್‌ಮನ್, ಒಲಿವಿಯೆ ಅಸಾಯಸ್, ಪೆಟ್ರೀಸಿಯ ಮಜೂಯಿ ಮೊದಲಾದವರು ಈ ಸರಣಿಯಲ್ಲಿ ಭಾಗಿಗಳಾದರು. 1994ರಲ್ಲಿ ಪ್ರಸಾರವಾದ ಒಂಬತ್ತರಲ್ಲಿ ಮೂರು ಚಿತ್ರಗಳಿಗೆ ಉದ್ದನೆಯ ರೂಪವೂ ಇದ್ದು, ಅವು ಚಿತ್ರಮಂದಿರಕ್ಕೂ ಬಂದವು. ತೆಶಿನೆಯವರ ಚಿತ್ರ ಅವುಗಳಲ್ಲೊಂದು. ಕಿರುತೆರೆಯಲ್ಲಿ ಅದರ ಹೆಸರು 'ಓಕ್ ಮತ್ತು ಜೊಂಡು' ಎಂಬರ್ಥದ್ದಾಗಿತ್ತು. ಸುಮಾರು 110 ನಿಮಿಷಗಳ ಉದ್ದನೆಯ ರೂಪ 1994ರ ಕಾನ್ ಚಿತ್ರೋತ್ಸವದ 'ಅನ್ ಸರ್ಟನ್ ರಿಗಾರ್ಡ್' ವಿಭಾಗದಲ್ಲಿ ಪ್ರದರ್ಶನಗೊಂಡು, ಅದೇ ವರ್ಷ ಲೂಯಿ ದೆಲ್ಯೂಕ್ ಪ್ರಶಸ್ತಿಯನ್ನು ಪಡೆಯಿತು. ಮರುವರ್ಷ ಫ್ರೆಂಚ್ ಚಿತ್ರರಂಗದ ಅತ್ಯುನ್ನತ ಗೌರವವಾದ ಸೆಝಾರ್ ಪ್ರಶಸ್ತಿಗಳಲ್ಲಿ 'ಲೆಯೋನ್', 'ಲಾ ರೆನ್ ಮಾರ್ಗೋ', ಕೀಸ್ಲೋವ್‌ಸ್ಕಿಯವರ 'ರೂಜ್' ಮುಂತಾದ ಭಾರಿ ಚಿತ್ರಗಳನ್ನು ಹಿಂದಿಕ್ಕಿ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ ಮತ್ತು ಭರವಸೆಯ ನಟಿ ಎಂಬ ನಾಲ್ಕು ಪ್ರಶಸ್ತಿಗಳನ್ನು ಗೆದ್ದಿತು. ವಾಹಿನಿಯೊಂದರ ಕಟ್ಟುಪಾಡಿಗೆ ಒಳಪಟ್ಟು ಹುಟ್ಟಿದ ಕಡಿಮೆ ವೆಚ್ಚದ ಚಿತ್ರಕ್ಕೆ ಇದು ಸಣ್ಣ ಸಾಧನೆಯಲ್ಲ.

ನಾಲ್ವರ ಕಥೆ

ಕಥೆ ಹಳ್ಳಿಯ ಮದುವೆಯೊಂದರಿಂದ ಶುರುವಾಗುತ್ತದೆ. ವರ ಪಿಯೆರ್ ರೈತ ಕುಟುಂಬದ ಯುವಕ, ಅಲ್ಜೀರಿಯಾದಲ್ಲಿರುವ ಸೈನಿಕ. ಮದುವೆಯ ನೆಪದಲ್ಲಿ ರಜೆ ಸಿಕ್ಕಿದೆ. ಅವನ ತಮ್ಮ ಸೆರ್ಜ್, ವಸತಿ ಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿ. ಅದೇ ತರಗತಿಯ ಫ್ರಾನ್ಸುವಾ ಪುಸ್ತಕ ಮತ್ತು ಸಿನಿಮಾಗಳಲ್ಲಿ ಮುಳುಗಿರುವ ಮಧ್ಯಮ ವರ್ಗದ ಹುಡುಗ. ಅವನ ಆಪ್ತ ಗೆಳತಿ ಮಾಯ್ತೆ. ಅವಳ ತಾಯಿ ಶ್ರೀಮತಿ ಆಲ್ವಾರೆಸ್ ಆ ಹುಡುಗರ ಶಾಲೆಯಲ್ಲೇ ಸಾಹಿತ್ಯ ಕಲಿಸುವ ಶಿಕ್ಷಕಿ, ಜೊತೆಗೆ ಕಮ್ಯುನಿಸ್ಟ್ ಪಕ್ಷದ ಸದಸ್ಯೆ. ನಾಲ್ಕನೆಯವನು ಆನ್ರಿ: ಅಲ್ಜೀರಿಯಾದಲ್ಲಿ ಹುಟ್ಟಿ ಬೆಳೆದ ಫ್ರೆಂಚ್ ಹುಡುಗ, ಇಪ್ಪತ್ತೊಂದರ ವಯಸ್ಸಿನಲ್ಲೂ ಶಾಲಾ ಪರೀಕ್ಷೆ ದಾಟದೆ ಉಳಿದವನು, ರೇಡಿಯೊಗೆ ಕಿವಿಗೊಟ್ಟು ತನ್ನ ಊರಿನ ಸುದ್ದಿಗಾಗಿ ಕಾಯುವವನು.

ಸೆರ್ಜ್ ಮತ್ತು ಫ್ರಾನ್ಸುವಾ ಪಾಠದಲ್ಲಿ ಒಬ್ಬರಿಗೊಬ್ಬರು ನೆರವಾಗುತ್ತ ಹತ್ತಿರವಾಗುತ್ತಾರೆ. ಒಂದು ರಾತ್ರಿಯ ಸಾಮೀಪ್ಯ ಸೆರ್ಜ್‌ಗೆ ಮರೆತುಬಿಡಬಹುದಾದ ಸಂಗತಿ. ಫ್ರಾನ್ಸುವಾಗೆ ಅದು ತಾನು ಯಾರೆಂದು ತಿಳಿದ ಗಳಿಗೆ. ಅವನು ಅದನ್ನು ಮುಚ್ಚಿಡದೆ ಮಾಯ್ತೆಗೆ ಹೇಳುತ್ತಾನೆ. ಸೆರ್ಜ್‌ನ ಮನಸ್ಸು ಮಾಯ್ತೆಯ ಕಡೆಗೆ ವಾಲುತ್ತದೆ. ಮಾಯ್ತೆಗೆ ಫ್ರಾನ್ಸುವಾನ ಸಂಗ ಬೇಕು, ಆದರೆ ಅವಳು ಬಯಸಿದ ರೀತಿಯಲ್ಲಿ ಅದು ದಕ್ಕುವುದಿಲ್ಲ. ಹೊರಗಿನವನಾದ ಆನ್ರಿ ಫ್ರಾನ್ಸುವಾ ಮತ್ತು ಸೆರ್ಜ್ ಇಬ್ಬರನ್ನೂ ಕೆಣಕುತ್ತ, ಅವರ ಒಳಗುಟ್ಟುಗಳನ್ನು ಬಹುಬೇಗ ಗ್ರಹಿಸುತ್ತಾನೆ. ಇಂತಹ ಸುತ್ತು ಪ್ರೇಮ ನಾಟಕ ಮತ್ತು ಸಿನಿಮಾಗಳಿಗೆ ಹೊಸದಲ್ಲ. ಆದರೆ ಇಲ್ಲಿ ಈರ್ಷ್ಯೆಯ ಕೂಗಾಟವಾಗಲಿ ಆತ್ಮಹತ್ಯೆಯ ಬೆದರಿಕೆಯಾಗಲಿ ಇಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರ ಬಳಿ ಏನನ್ನೋ ಕೇಳುತ್ತಾರೆ, ಕೇಳಿದ್ದು ಸಿಗುವುದಿಲ್ಲ, ಮತ್ತೆ ಮರುದಿನ ಅದೇ ತರಗತಿ, ಅದೇ ಊಟದ ಮೇಜು. ಚಿತ್ರದ ನಿಜವಾದ ಕಟ್ಟಡ ಇರುವುದು ಈ ಕೇಳಿಕೆ ಮತ್ತು ನಿರಾಕರಣೆಗಳ ಸರಪಳಿಯಲ್ಲಿ. ಅದರ ಮೊದಲ ಕೊಂಡಿಯನ್ನು ತೆಶಿನೆ ಹುಡುಗರ ಕೈಗೆ ಕೊಡದೆ ಹಿರಿಯರ ಕೈಗೆ ಕೊಟ್ಟಿರುವುದು ಅವರ ಜಾಣತನ.

ಎಂಟು ವರ್ಷಗಳ ಯುದ್ಧ

ಆ ಮೊದಲ ಕೊಂಡಿಯನ್ನು ತಿಳಿಯಲು ಅಲ್ಜೀರಿಯಾದ ಇತಿಹಾಸವನ್ನು ತುಸು ನೋಡಬೇಕು. 1830ರಲ್ಲಿ ಫ್ರಾನ್ಸ್ ಆಕ್ರಮಿಸಿಕೊಂಡ ಆ ದೇಶವನ್ನು ಕಾನೂನಿನ ಪ್ರಕಾರ ವಸಾಹತು ಎಂದು ಕರೆಯದೆ ಫ್ರಾನ್ಸಿನದೇ ಜಿಲ್ಲೆಗಳೆಂದು ಪರಿಗಣಿಸಲಾಗಿತ್ತು. ಅಲ್ಲಿ ನೆಲೆಸಿ ತಲೆಮಾರುಗಳನ್ನು ಕಳೆದ ಯೂರೋಪಿಯನ್ ಮೂಲದವರನ್ನು 'ಪಿಯೆ ನ್ವಾರ್' ಎನ್ನುತ್ತಾರೆ. ಅವರ ಸಂಖ್ಯೆ ಸುಮಾರು ಹತ್ತು ಲಕ್ಷದಷ್ಟಿತ್ತು. ಬಹುಸಂಖ್ಯಾತ ಮುಸ್ಲಿಮರಿಗೆ ಸಮಾನ ಹಕ್ಕುಗಳಿರಲಿಲ್ಲ. 1954ರ ನವೆಂಬರ್ 1ರಂದು ರಾಷ್ಟ್ರೀಯ ವಿಮೋಚನಾ ರಂಗ ಸಶಸ್ತ್ರ ಹೋರಾಟ ಆರಂಭಿಸಿತು. ಅದನ್ನು ಹತ್ತಿಕ್ಕಲು ಫ್ರಾನ್ಸ್ ವೃತ್ತಿ ಸೈನಿಕರ ಜೊತೆಗೆ ಕಡ್ಡಾಯ ಸೇನಾ ಸೇವೆಯ ಹುಡುಗರನ್ನೂ ಕಳಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಹುಡುಗರು ಹೀಗೆ ಹೋಗಿಬಂದಿದ್ದರು; ಅವರ ಸೇವಾವಧಿ ಎರಡು ವರ್ಷಗಳನ್ನೂ ಮೀರುತ್ತಿತ್ತು. ಸುಮಾರು 25 ಸಾವಿರ ಫ್ರೆಂಚ್ ಸೈನಿಕರು ಸತ್ತರು. ಸತ್ತ ಅಲ್ಜೀರಿಯನ್ನರ ಸಂಖ್ಯೆ ಲಕ್ಷಗಳಲ್ಲಿದೆ.

1962ರ ಮಾರ್ಚ್ 18ರಂದು ಸ್ವಿಟ್ಜರ್ಲೆಂಡಿನ ಗಡಿಯಲ್ಲಿರುವ ಎವಿಯಾಂ ಪಟ್ಟಣದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದು, ಮರುದಿನ ಕದನ ವಿರಾಮ ಜಾರಿಗೆ ಬಂತು. ಆದರೆ ಅಲ್ಜೀರಿಯಾ ಫ್ರೆಂಚರದಾಗಿಯೇ ಉಳಿಯಬೇಕೆಂದು ಹಟ ಹಿಡಿದ ಸೇನಾಧಿಕಾರಿಗಳು ಮತ್ತು ನೆಲೆಸಿಗರು 1961ರಲ್ಲಿ ಕಟ್ಟಿದ್ದ ರಹಸ್ಯ ಸೇನಾ ಸಂಘಟನೆ, ಅಂದರೆ ಒ.ಎ.ಎಸ್., ಬಾಂಬು ಮತ್ತು ಕೊಲೆಗಳ ಮೂಲಕ ಒಪ್ಪಂದವನ್ನು ಮುರಿಯಲು ಯತ್ನಿಸಿತು. 1962ರ ಆಗಸ್ಟಿನಲ್ಲಿ ಅಧ್ಯಕ್ಷ ಡಿ ಗಾಲ್ ಅವರ ಕಾರಿನ ಮೇಲೆಯೇ ಗುಂಡಿನ ದಾಳಿ ನಡೆಯಿತು. ಅದಕ್ಕೂ ಮೊದಲೇ, ಜುಲೈ ತಿಂಗಳಲ್ಲಿ, ಅಲ್ಜೀರಿಯಾ ಸ್ವತಂತ್ರವಾಗಿತ್ತು. ಲಕ್ಷಾಂತರ ಪಿಯೆ ನ್ವಾರ್‌ಗಳು ಕೆಲವೇ ತಿಂಗಳಲ್ಲಿ, ಅನೇಕರು ತಾವು ಎಂದೂ ಕಾಣದಿದ್ದ 'ತಾಯ್ನಾಡಿಗೆ', ಹಡಗು ಹತ್ತಿ ಬಂದಿಳಿದರು. ಫ್ರೆಂಚ್ ಸಂಸತ್ತು ಇದೆಲ್ಲವನ್ನೂ ಅಧಿಕೃತವಾಗಿ ಯುದ್ಧವೆಂದು ಒಪ್ಪಿಕೊಂಡದ್ದು 1999ರಲ್ಲಿ, ತೆಶಿನೆಯವರ ಚಿತ್ರ ಬಂದು ಐದು ವರ್ಷಗಳಾದ ಮೇಲೆ.

ಸಿನಿಮಾದವರಿಗೂ ಈ ವಿಷಯ ಬಹುಕಾಲ ಕೈಸುಡುವಂಥದ್ದಾಗಿತ್ತು. ಗೊದಾರ್ 1960ರಲ್ಲಿ ತಯಾರಿಸಿದ 'ಲ ಪೆತಿ ಸೊಲ್ದಾ' ಚಿತ್ರದ ಬಿಡುಗಡೆಗೆ ಸರ್ಕಾರ 1963ರವರೆಗೂ ಅವಕಾಶ ಕೊಡಲಿಲ್ಲ. ಜಾಕ್ ದೆಮಿ ತಮ್ಮ 1964ರ 'ಶೆರ್ಬುರ್ಗಿನ ಕೊಡೆಗಳು' ಚಿತ್ರದಲ್ಲಿ, ಸೇನೆಯ ಕರೆಗೆ ಓಗೊಟ್ಟು ಹೊರಡುವ ಗ್ಯಾರೇಜು ಕೆಲಸದ ಹುಡುಗ ಮತ್ತು ಊರಲ್ಲೇ ಉಳಿದ ಹುಡುಗಿಯ ಪ್ರೇಮ ಮುರಿದುಬೀಳುವುದನ್ನು ಸಂಭಾಷಣೆಯೆಲ್ಲವನ್ನೂ ಹಾಡಾಗಿಸಿ ಹೇಳಿದರು. ತೆಶಿನೆ ಈ ಪರಂಪರೆಯನ್ನು ಚೆನ್ನಾಗಿ ಬಲ್ಲವರು. ನಿರ್ದೇಶಕರಾಗುವ ಮೊದಲು ಅವರು 'ಕಾಯೆ ದ್ಯು ಸಿನೆಮಾ' ಪತ್ರಿಕೆಯಲ್ಲಿ ವಿಮರ್ಶೆ ಬರೆಯುತ್ತಿದ್ದರು.

ಶಿಕ್ಷಕಿಯ ನಿರಾಕರಣೆ

ಮದುವೆಯ ದಿನ ಕುಣಿಯುತ್ತಲೇ ಪಿಯೆರ್ ತನ್ನ ಹಳೆಯ ಶಿಕ್ಷಕಿಯ ಕಿವಿಯಲ್ಲಿ ಒಂದು ಬೇಡಿಕೆಯಿಡುತ್ತಾನೆ: ತನಗೆ ಮರಳಿ ಹೋಗಲು ಮನಸ್ಸಿಲ್ಲ, ತಲೆಮರೆಸಿಕೊಳ್ಳಲು ಸಹಾಯ ಬೇಕು, ಪಕ್ಷದ ಮೂಲಕ ಅದು ಸಾಧ್ಯವಲ್ಲವೇ. ಶ್ರೀಮತಿ ಆಲ್ವಾರೆಸ್ ಆಗದೆನ್ನುತ್ತಾಳೆ. ಯುದ್ಧವನ್ನು ವಿರೋಧಿಸುವ ಪಕ್ಷದ ಸದಸ್ಯೆ ಯುದ್ಧದಿಂದ ತಪ್ಪಿಸಿಕೊಳ್ಳಬಯಸುವವನನ್ನು ಕೈಬಿಡುವುದು ಇಂದಿನ ಪ್ರೇಕ್ಷಕರಿಗೆ ವಿಚಿತ್ರವೆನಿಸಬಹುದು. ಆದರೆ ಅದು ಆ ಪಕ್ಷದ ಅಂದಿನ ನಿಲುವಿಗೆ ಅನುಗುಣವಾಗಿಯೇ ಇತ್ತು. ಫ್ರೆಂಚ್ ಕಮ್ಯುನಿಸ್ಟ್ ಪಕ್ಷ ಶಾಂತಿಯನ್ನು ಬಯಸುತ್ತಿದ್ದರೂ 1956ರಲ್ಲಿ ಅಲ್ಜೀರಿಯಾದಲ್ಲಿ ಸರ್ಕಾರಕ್ಕೆ ವಿಶೇಷಾಧಿಕಾರ ನೀಡುವ ಮಸೂದೆಯ ಪರ ಮತ ಹಾಕಿತ್ತು. ಸೈನಿಕರು ಒಬ್ಬೊಬ್ಬರಾಗಿ ಸೇನೆ ಬಿಟ್ಟು ಓಡುವುದನ್ನು ಅದು ಒಪ್ಪುತ್ತಿರಲಿಲ್ಲ, ಸೇನೆಯ ಒಳಗಿದ್ದೇ ಜನರನ್ನು ಎಚ್ಚರಿಸಬೇಕೆಂಬುದು ಅದರ ವಾದ. 1960ರ ಸೆಪ್ಟೆಂಬರಿನಲ್ಲಿ 121 ಲೇಖಕರು ಮತ್ತು ಕಲಾವಿದರು ಸೇನಾ ಸೇವೆಯನ್ನು ನಿರಾಕರಿಸುವ ಹಕ್ಕನ್ನು ಎತ್ತಿಹಿಡಿದು ಹೊರಡಿಸಿದ ಪ್ರಸಿದ್ಧ ಹೇಳಿಕೆಯನ್ನು ಕೂಡ ಪಕ್ಷ ಬೆಂಬಲಿಸಲಿಲ್ಲ.

ಪಿಯೆರ್ ಅಲ್ಜೀರಿಯಾಕ್ಕೆ ಮರಳುತ್ತಾನೆ, ಅಲ್ಲಿ ಸಾಯುತ್ತಾನೆ. ಊರಿನ ಸ್ಮಶಾನದಲ್ಲಿ ಅವನ ಶವಸಂಸ್ಕಾರ ನಡೆಯುತ್ತದೆ. ಶಿಕ್ಷಕಿಗೆ ತಾನೇ ಅವನನ್ನು ಕೊಂದೆನೆಂಬ ಭಾವನೆ ಬೇರೂರಿ, ಇಲ್ಲದ್ದು ಕಾಣತೊಡಗಿ, ಕೊನೆಗೆ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಆ ಕಾಲದಲ್ಲಿ ಇಂತಹ ರೋಗಿಗಳನ್ನು ಔಷಧಿ ಕೊಟ್ಟು ದಿನಗಟ್ಟಲೆ ನಿದ್ದೆಯಲ್ಲಿಡುವ ಚಿಕಿತ್ಸೆ ರೂಢಿಯಲ್ಲಿತ್ತು. ಮಿಶೆಲ್ ಮೊರೆತಿ ನಿರ್ವಹಿಸಿದ ಈ ಪಾತ್ರವೇ ಚಿತ್ರದ ತಿರುಳು ಎಂದರೆ ಅತಿಶಯೋಕ್ತಿಯಲ್ಲ, ವಿಮರ್ಶಕರು ಹೆಚ್ಚಾಗಿ ಹುಡುಗರ ಬಗ್ಗೆಯೇ ಬರೆದಿದ್ದರೂ. ಹುಡುಗರು ತಪ್ಪು ಮಾಡಿ ಬೆಳೆಯುತ್ತಾರೆ; ಆಕೆಗೆ ಆ ಅವಕಾಶ ಇಲ್ಲ, ಏಕೆಂದರೆ ಆಕೆ ಕೈಕೊಟ್ಟದ್ದು ತನ್ನ ಅತ್ಯಂತ ಗಟ್ಟಿಯಾದ ನಂಬಿಕೆಯ ಹೆಸರಿನಲ್ಲಿ.

ಪಾದರಕ್ಷೆ ಅಂಗಡಿಯಲ್ಲಿ

ಫ್ರಾನ್ಸುವಾನ ಕಷ್ಟ ಬೇರೆ ಬಗೆಯದು. ಹುಡುಗನನ್ನು ಪ್ರೀತಿಸುವ ಹುಡುಗನಿಗೆ 1962ರ ಫ್ರಾನ್ಸಿನಲ್ಲಿ ಯಾವ ದಾರಿಗಳಿದ್ದವು? ವಯಸ್ಕರ ನಡುವಿನ ಸಲಿಂಗ ಸಂಬಂಧ ಅಲ್ಲಿ ಅಪರಾಧವಾಗಿರಲಿಲ್ಲ. ಕ್ರಾಂತಿಯ ಕಾಲದ 1791ರ ದಂಡಸಂಹಿತೆಯೇ ಅದನ್ನು ಕೈಬಿಟ್ಟಿತ್ತು. ಆದರೆ ಜರ್ಮನಿಯ ಆಕ್ರಮಣದ ಕಾಲದಲ್ಲಿ ವಿಶಿ ಸರ್ಕಾರ 1942ರಲ್ಲಿ ತಂದ ಕಾನೂನು ಸ್ತ್ರೀ-ಪುರುಷ ಸಂಬಂಧಕ್ಕಿಂತ ಸಲಿಂಗ ಸಂಬಂಧಕ್ಕೆ ಹೆಚ್ಚಿನ ವಯೋಮಿತಿ ವಿಧಿಸಿತ್ತು, ಮತ್ತು ಯುದ್ಧಾನಂತರದ ಗಣರಾಜ್ಯವೂ ಅದನ್ನು ಹಾಗೆಯೇ ಉಳಿಸಿಕೊಂಡಿತು. ಅಂದಿಗೆ ಪ್ರಾಪ್ತ ವಯಸ್ಸು 21; ಅದು 18ಕ್ಕೆ ಇಳಿದದ್ದು 1974ರಲ್ಲಿ. ಸಾಲದೆಂಬಂತೆ 1960ರ ಜುಲೈನಲ್ಲಿ ಪೋಲ್ ಮಿರ್ಗೆ ಎಂಬ ಸಂಸದ ತಂದ ತಿದ್ದುಪಡಿಯೊಂದರ ಮೂಲಕ ಸಂಸತ್ತು ಸಲಿಂಗಕಾಮವನ್ನು ಕುಡಿತ, ಕ್ಷಯ ಮತ್ತು ವೇಶ್ಯಾವೃತ್ತಿಗಳ ಜೊತೆ ಸಾಮಾಜಿಕ ಪಿಡುಗುಗಳ ಸಾಲಿಗೆ ಸೇರಿಸಿತು. ವಯೋಮಿತಿಯ ತಾರತಮ್ಯ ಪೂರ್ತಿಯಾಗಿ ಅಳಿದದ್ದು 1982ರಲ್ಲಿ, ಅಧ್ಯಕ್ಷ ಮಿತೆರಾಂ ಅವರ ಆಡಳಿತದಲ್ಲಿ.

ಕಾನೂನಿಗಿಂತ ಹೆಚ್ಚಾಗಿ ಫ್ರಾನ್ಸುವಾನನ್ನು ಕಾಡುವುದು ಮಾದರಿಯೇ ಇಲ್ಲದ ಸ್ಥಿತಿ. ಊರಿನಲ್ಲಿ ಪಾದರಕ್ಷೆ ಅಂಗಡಿ ಇಟ್ಟಿರುವ ವ್ಯಕ್ತಿಯೊಬ್ಬ ಅಂಥವನೆಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಫ್ರಾನ್ಸುವಾ ಧೈರ್ಯ ಮಾಡಿ ಅವನ ಅಂಗಡಿಗೆ ಹೋಗಿ, ತನ್ನ ವಿಷಯವನ್ನು ತೆರೆದಿಟ್ಟು, ಹೀಗಿರುವವನು ಬದುಕುವುದು ಹೇಗೆಂದು ನೇರವಾಗಿ ಕೇಳುತ್ತಾನೆ. ಅಂಗಡಿಯವನಿಂದ ಆ ಹುಡುಗನಿಗೆ ನೆಚ್ಚಿಕೊಳ್ಳುವಂಥ ಮಾತೊಂದೂ ಸಿಗುವುದಿಲ್ಲ. ದೃಶ್ಯ ಚಿಕ್ಕದು, ತುಸು ನಗು ತರಿಸುವಂಥದ್ದೂ ಹೌದು, ಆದರೆ ಅದರ ಕಠಿಣತೆ ಆಮೇಲೆ ತಟ್ಟುತ್ತದೆ: ಒಂದು ಇಡೀ ತಲೆಮಾರು ತನ್ನ ಬಗ್ಗೆ ಮಾತನಾಡುವುದನ್ನೇ ಕಲಿಯದ ಕಾರಣ ಮುಂದಿನ ತಲೆಮಾರಿಗೆ ಹೇಳಿಕೊಡಲು ಅದರ ಬಳಿ ಏನೂ ಉಳಿದಿಲ್ಲ. ಶಿಕ್ಷಕಿಯ ಮುಂದೆ ಪಿಯೆರ್ ನಿಂತಂತೆಯೇ ಅಂಗಡಿಯವನ ಮುಂದೆ ಫ್ರಾನ್ಸುವಾ ನಿಂತಿದ್ದಾನೆ. ಅವನು ಕನ್ನಡಿಯ ಮುಂದೆ ನಿಂತು, ಶಾಲೆಯಲ್ಲಿ ಬೈಗುಳವಾಗಿ ಬಳಸುವ ಶಬ್ದವನ್ನೇ ತನ್ನ ಮೇಲೆ ಮತ್ತೆ ಮತ್ತೆ ಹೇಳಿಕೊಂಡು ರೂಢಿ ಮಾಡಿಕೊಳ್ಳುವುದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು.

ಮಾಯ್ತೆಯ ಕಾವಲು

ಹುಡುಗರಷ್ಟು ಗಮನ ಮಾಯ್ತೆಗೆ ಸಿಕ್ಕಿಲ್ಲ, ಆ ಪಾತ್ರ ನಿರ್ವಹಿಸಿದ ಎಲೊದಿ ಬುಶೆಗೆ ಪ್ರಶಸ್ತಿ ಬಂದರೂ. ದೈಹಿಕ ಸಂಬಂಧದ ಬಗ್ಗೆ ಅವಳಿಗೆ ಆತುರವಿಲ್ಲ, ಒಂದು ಬಗೆಯ ಜಿಗುಪ್ಸೆಯೂ ಇದೆ. ಫ್ರಾನ್ಸುವಾನ ಗೆಳೆತನ ಅವಳಿಗೆ ಹಿತವಾಗುವುದು ಅವನು ಏನನ್ನೂ ಒತ್ತಾಯಿಸದ ಕಾರಣಕ್ಕೆ. ಇದನ್ನು ಅವಳ ಸ್ವಭಾವವೆಂದಷ್ಟೇ ಓದುವುದು ಸರಿಯಲ್ಲ. ಫ್ರಾನ್ಸಿನಲ್ಲಿ ಗರ್ಭನಿರೋಧಕಗಳಿಗೆ ಕಾನೂನಿನ ಒಪ್ಪಿಗೆ ದೊರೆತದ್ದು 1967ರಲ್ಲಿ, ಗರ್ಭಪಾತಕ್ಕೆ 1975ರಲ್ಲಿ. ಗಂಡನ ಅನುಮತಿಯಿಲ್ಲದೆ ವಿವಾಹಿತೆ ಬ್ಯಾಂಕ್ ಖಾತೆ ತೆರೆಯುವ, ದುಡಿಯುವ ಹಕ್ಕು ಪಡೆದದ್ದು 1965ರಲ್ಲಿ. ಹುಡುಗನಿಗೆ ಒಂದು ಸಂಜೆಯ ಸಂಗತಿಯಾದದ್ದು ಹುಡುಗಿಗೆ ಇಡೀ ಬದುಕಿನ ದಿಕ್ಕು ಬದಲಿಸಬಹುದಾಗಿದ್ದ ಕಾಲದಲ್ಲಿ ಅವಳ ಎಚ್ಚರಿಕೆ ಅತ್ಯಂತ ವಿವೇಕದ್ದಾಗಿತ್ತು. ತಾಯಿ ಆಸ್ಪತ್ರೆ ಸೇರಿದ ಮೇಲೆ ಮನೆಯ ಭಾರವನ್ನೂ ಪಕ್ಷದ ನಿಷ್ಠೆಯನ್ನೂ ಹೊತ್ತುಕೊಂಡವಳು ಅವಳೇ.

ಅವಳ ಎದುರು ತೆಶಿನೆ ನಿಲ್ಲಿಸುವುದು ಆನ್ರಿಯನ್ನು. ಒಪ್ಪಂದದ ನಂತರ ತನ್ನದೆಂಬ ನೆಲವೇ ಇಲ್ಲವಾದ ಆನ್ರಿ ಶಾಲೆ ಬಿಟ್ಟು ಹೊರಟು, ರಾತ್ರಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಸ್ಥಳೀಯ ಕಚೇರಿಗೆ ಬೆಂಕಿ ಹಚ್ಚಲು ಹೋಗುತ್ತಾನೆ. ಒಳಗೆ ಮಾಯ್ತೆ ಇರುವುದನ್ನು ಕಂಡು ಕೈ ತಡೆಯುತ್ತದೆ. ಇಬ್ಬರೂ ಮಾತಿಗಿಳಿಯುತ್ತಾರೆ, ಒಬ್ಬರು ಇನ್ನೊಬ್ಬರ ರಾಜಕೀಯವನ್ನು ಒಪ್ಪುವುದಿಲ್ಲ, ಆದರೆ ಎದುರಿಗಿರುವವರ ಏಕಾಂಗಿತನ ಇಬ್ಬರಿಗೂ ಅರ್ಥವಾಗುತ್ತದೆ. ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತ ನಾಲ್ವರೂ ನದಿಯ ದಂಡೆಯಲ್ಲಿ ಸೇರುವ ಬೇಸಿಗೆಯ ದಿನ ಈ ಇಬ್ಬರು ಒಂದಾಗಿ, ಕೂಡಲೇ ಅಗಲುತ್ತಾರೆ. ಪ್ಲಾಟಿನ ಈ ತಿರುವು ಸ್ವಲ್ಪ ಅನುಕೂಲಕ್ಕೆ ತಕ್ಕಂತೆ ಒದಗಿದ್ದು ಎಂಬ ಆಕ್ಷೇಪಕ್ಕೆ ಆಸ್ಪದವಿದೆ: ಎದುರಾಳಿ ಪಕ್ಷಗಳ ಇಬ್ಬರನ್ನು ಪ್ರೇಮ ಬೆಸೆಯುವುದು ರಂಗಭೂಮಿಯ ಹಳೆಯ ಉಪಾಯ. ಆದರೂ ಅದನ್ನು ರಾಜಿಯಾಗಿ ತೋರಿಸದೆ, ಮಾಯ್ತೆ ಮರಳಿ ಓಡಿಬಂದು ಫ್ರಾನ್ಸುವಾನ ತೋಳಿನಲ್ಲಿ ಅಳುವಂತೆ ಮಾಡಿದ್ದರಿಂದ ದೃಶ್ಯ ಜಾರಿಬೀಳದೆ ನಿಂತಿದೆ.

ಲಾ ಫೊಂತೆನನ ನೀತಿಕಥೆ

ಶೀರ್ಷಿಕೆಯ ಮೂಲ ತರಗತಿಯ ಪಾಠದಲ್ಲೇ ಸಿಗುತ್ತದೆ. ಹದಿನೇಳನೆಯ ಶತಮಾನದ ಕವಿ ಲಾ ಫೊಂತೆನ್ 1668ರಲ್ಲಿ ಪ್ರಕಟಿಸಿದ ನೀತಿಕಥೆಗಳ ಸಂಗ್ರಹದಲ್ಲಿ ಓಕ್ ಮರ ಮತ್ತು ಜೊಂಡಿನ ಕಥೆಯಿದೆ. ಈಸೋಪನಿಂದ ಬಂದ ಈ ಕಥೆಯಲ್ಲಿ ಬಲದ ಹೆಮ್ಮೆಯಿಂದ ನಿಂತ ಮರವನ್ನು ಬಿರುಗಾಳಿ ಬುಡಮೇಲು ಮಾಡುತ್ತದೆ, ಬಾಗಿದ ಜೊಂಡು ಉಳಿಯುತ್ತದೆ. ಫ್ರಾನ್ಸಿನ ಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುವ ಪದ್ಯವಿದು. ಚಿತ್ರಕ್ಕೆ ಅದನ್ನು ಅನ್ವಯಿಸುವಾಗ ಶಿಕ್ಷಕಿಯನ್ನೂ ಆನ್ರಿಯನ್ನೂ ಓಕ್ ಎಂದೂ ಉಳಿದ ಹುಡುಗರನ್ನು ಜೊಂಡೆಂದೂ ವಿಂಗಡಿಸುವುದು ಸುಲಭ. ಆದರೆ ಆ ಲೆಕ್ಕ ಪೂರ್ತಿ ಸರಿಹೋಗುವುದಿಲ್ಲ. ಸೆರ್ಜ್ ಬಾಗುವುದು ತನ್ನ ಅಣ್ಣನ ಸಾವಿನ ಬಳಿಕ ಹೊಲದ ಕೆಲಸ ತನ್ನ ಹೆಗಲಿಗೆ ಬೀಳುತ್ತದೆಂಬ ಅನಿವಾರ್ಯದಿಂದ. ಫ್ರಾನ್ಸುವಾ ಬಾಗುವುದೇ ಇಲ್ಲ, ಸೆರ್ಜ್ ತನಗೆ ಸಿಗುವುದಿಲ್ಲವೆಂದು ತಿಳಿದ ಮೇಲೂ ತಾನು ಏನೆಂಬುದರಿಂದ ಹಿಂದೆ ಸರಿಯುವುದಿಲ್ಲ. ಬಾಗಿದವರೆಲ್ಲ ಜಾಣರಲ್ಲ, ಮುರಿದವರೆಲ್ಲ ಮೂರ್ಖರಲ್ಲ ಎನ್ನುವಲ್ಲಿ ತೆಶಿನೆ ಲಾ ಫೊಂತೆನನಿಂದ ಬೇರೆಯಾಗುತ್ತಾರೆ.

ಇದಕ್ಕೆ ಚಿತ್ರದ ನಡೆಯೂ ಪೂರ್ವಸಿದ್ಧತೆ ಮಾಡುತ್ತದೆ. ಛಾಯಾಗ್ರಾಹಕಿ ಜಾನ್ ಲಾಪುವಾರಿ ನದಿ, ಹುಲ್ಲು ಮತ್ತು ಬೇಸಿಗೆಯ ಬೆಳಕನ್ನು ಅಲಂಕಾರವಾಗಿ ಬಳಸದೆ, ಪಾತ್ರಗಳು ಉಸಿರಾಡುವ ಜಾಗವಾಗಿ ಬಳಸಿದ್ದಾರೆ. ಮುಖ್ಯ ಪಾತ್ರಗಳಿಗೆ ಹೊಸ ಮುಖಗಳನ್ನೇ ಆರಿಸಲಾಯಿತು: ಫ್ರಾನ್ಸುವಾ ಪಾತ್ರದ ಗಾಯೆಲ್ ಮೊರೆಲ್ ಮುಂದೆ ತಾವೇ ನಿರ್ದೇಶಕರಾಗಿ, ತಮ್ಮ 1996ರ ಮೊದಲ ದೀರ್ಘ ಚಿತ್ರದಲ್ಲಿ ಬುಶೆ ಮತ್ತು ಸೆರ್ಜ್ ಪಾತ್ರದ ಸ್ತೆಫಾನ್ ರಿದೊ ಅವರನ್ನೇ ಮತ್ತೆ ಬಳಸಿಕೊಂಡರು, ಬುಶೆ 1998ರ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಹಂಚಿಕೊಂಡರು. ಅಂದು ಅವರಿಗಿದ್ದ ಅಭ್ಯಾಸದ ಕೊರತೆಯೇ ಪಾತ್ರಗಳಿಗೆ ಒಪ್ಪುವ ಅಂಜಿಕೆಯಾಗಿ ಒದಗಿತು.

ಚಿತ್ರ ಕಾಣದ ಮುಖ

ಒಂದು ಕೊರತೆಯನ್ನು ಮಾತ್ರ ಅಲಕ್ಷಿಸಲಾಗದು. ಅಲ್ಜೀರಿಯಾದ ಸುತ್ತಲೇ ತಿರುಗುವ ಈ ಕಥೆಯ ನಡುವೆ ಯಾವ ಅಲ್ಜೀರಿಯನ್ನನಿಗೂ ಜಾಗವಿಲ್ಲ. ಸತ್ತ ಸೈನಿಕ ಫ್ರೆಂಚ್, ನೆಲ ಕಳೆದುಕೊಂಡವನು ಫ್ರೆಂಚ್, ಪಶ್ಚಾತ್ತಾಪದಲ್ಲಿ ಬೇಯುವವಳು ಫ್ರೆಂಚ್. ಯಾರ ಸ್ವಾತಂತ್ರ್ಯಕ್ಕಾಗಿ ಇದೆಲ್ಲ ನಡೆಯಿತೋ ಅವರು ರೇಡಿಯೊ ಸುದ್ದಿಯ ಆಚೆ ಇದ್ದಾರೆ. ಸ್ವಂತ ಹದಿಹರೆಯವನ್ನು ಚಿತ್ರಿಸಬೇಕೆಂಬ ಸರಣಿಯ ನಿಯಮದಲ್ಲಿ ಇದಕ್ಕೆ ಸಮರ್ಥನೆ ಹುಡುಕಬಹುದು. ನೈಋತ್ಯ ಫ್ರಾನ್ಸಿನ ವಸತಿ ಶಾಲೆಯ ಹುಡುಗನಿಗೆ ಅಂದು ಕಾಣುತ್ತಿದ್ದದ್ದು ಅಷ್ಟೇ. ಸಮರ್ಥನೆ ಇದ್ದರೂ ಖಾಲಿ ಜಾಗ ಖಾಲಿಯೇ, ಮತ್ತು ಆನ್ರಿಗೆ ಚಿತ್ರ ತೋರುವ ಸಹಾನುಭೂತಿಯನ್ನು ಅಳೆಯುವಾಗ ಪ್ರೇಕ್ಷಕರು ಅದನ್ನು ನೆನಪಿನಲ್ಲಿಡಬೇಕಾಗುತ್ತದೆ.

ಇಪ್ಪತ್ತೆರಡು ವರ್ಷಗಳ ಬಳಿಕ

ತೆಶಿನೆ ಇದೇ ವಸ್ತುವಿಗೆ 2016ರಲ್ಲಿ, ಎಪ್ಪತ್ತಮೂರರ ವಯಸ್ಸಿನಲ್ಲಿ, ಮರಳಿದರು. ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿದ್ದ, 'ಬೀಯಿಂಗ್ ಸೆವೆಂಟೀನ್' ಎಂದು ಹೊರದೇಶಗಳಲ್ಲಿ ತೋರಿಸಲಾದ ಆ ಚಿತ್ರದ ಕಥೆಯನ್ನು ಅವರು ತಮಗಿಂತ ಬಹಳ ಕಿರಿಯರಾದ ನಿರ್ದೇಶಕಿ ಸೆಲೀನ್ ಸಿಯಾಮ ಅವರ ಜೊತೆ ಸೇರಿ ಬರೆದರು. ಪಿರನೀಸ್ ಬೆಟ್ಟಗಳ ಶಾಲೆಯೊಂದರಲ್ಲಿ ದಾಮಿಯಾಂ ಮತ್ತು ತೋಮಾ ಎಂಬ ಹುಡುಗರು ಮೊದಲು ಹೊಡೆದಾಡುತ್ತಾರೆ, ನಿಧಾನವಾಗಿ ಹೊಡೆದಾಟದ ಹಿಂದಿರುವುದನ್ನು ಅರಿಯುತ್ತಾರೆ. ದಾಮಿಯಾಂನ ತಾಯಿ ಊರಿನ ವೈದ್ಯೆ. ತಂದೆ ಸೇನೆಯ ಹೆಲಿಕಾಪ್ಟರ್ ಚಾಲಕ, ಹೊರದೇಶದ ಕಾರ್ಯಾಚರಣೆಯಲ್ಲಿ ಸಾಯುತ್ತಾನೆ.

ಬೆಟ್ಟದ ಊರು, ಶಾಲೆ, ಇಬ್ಬರು ಹುಡುಗರು, ಬಾರದೂರಿಗೆ ಹೋದ ಸೈನಿಕ: ಅಂಶಗಳು ಹೆಚ್ಚುಕಡಿಮೆ ಹಳೆಯವೇ. ಆದರೆ ಹಿರಿಯರ ಪಾತ್ರ ಬದಲಾಗಿದೆ. ಸಲಿಂಗ ವಿವಾಹಕ್ಕೆ ಫ್ರಾನ್ಸ್ 2013ರಲ್ಲಿ ಕಾನೂನಿನ ಮಾನ್ಯತೆ ನೀಡಿತ್ತು. ಸಾಂದ್ರಿನ್ ಕಿಬರ್ಲೆನ್ ನಟಿಸಿದ ತಾಯಿ ಮಗನ ಮನಸ್ಸನ್ನು ಅರಿತಾಗ ಗಾಬರಿಯಾಗುವುದಿಲ್ಲ, ಮಗ ಉತ್ತರ ಹುಡುಕಿಕೊಂಡು ಊರಿನ ಯಾವ ಅಂಗಡಿಯವನ ಬಳಿಗೂ ಹೋಗಬೇಕಾಗಿಲ್ಲ. ಅವನ ತಂದೆಯೂ ಬಲವಂತಕ್ಕೆ ಸಮವಸ್ತ್ರ ತೊಟ್ಟವನಲ್ಲ, ವೃತ್ತಿ ಸೈನಿಕ. ಕಡ್ಡಾಯ ಸೇನಾ ಸೇವೆ 2001ರ ಹೊತ್ತಿಗೆ ನಿಂತುಹೋಗಿತ್ತು. ಹಾಗಾಗಿ ಮದುವೆಯ ನೆಪದಲ್ಲಿ ರಜೆ ಪಡೆದು ಬಂದು, ಕುಣಿತದ ನಡುವೆ ಹಳೆಯ ಶಿಕ್ಷಕಿಯ ಆಸರೆ ಬೇಡುವ ಪಿಯೆರ್‌ನಂಥವನಿಗೆ ಆ ಕಥೆಯಲ್ಲಿ ಆಸ್ಪದವೇ ಇಲ್ಲ.